ಷರತ್ತಿಲ್ಲದ ದನಿ

ಗಂಟಲು ಕಳೆದುಕೊಂಡ ನಾಲ್ಕು ಸಾವಿರದ ಇನ್ನೂರು ಜನ ಆಗ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು.

ಬೀದರಿನಿಂದ ಹಾವೇರಿಯವರೆಗೆ ಹರಡಿಕೊಂಡಿದ್ದ ಜನ. ಹೆಚ್ಚಿನವರು ವರ್ಷಗಟ್ಟಲೆ ತಂಬಾಕು ಜಗಿದವರು. ಗಂಟಲಿಗೆ ಹುಣ್ಣಾಗಿ, ಹುಣ್ಣಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ಆಪರೇಷನ್ ಕೋಣೆಯ ಟ್ರೇಯಲ್ಲಿ ಬಿಟ್ಟು ಬಂದವರು. ಅವರ ಕುತ್ತಿಗೆಗೆ ಎರಡು ಬೆರಳಗಲದ ರಬ್ಬರಿನ ಪಟ್ಟಿ. ಮಾತಾಡಬೇಕೆಂದುಕೊಂಡ ಕೂಡಲೇ ಗದ್ದದ ಕೆಳಗಿನ ಸ್ನಾಯುವೂ ನಾಲಿಗೆಯ ಬುಡವೂ ಒಂದಿಷ್ಟು ಅಲುಗುತ್ತವಲ್ಲ, ಆ ಅಲುಗಾಟವನ್ನು ಪಟ್ಟಿ ಹಿಡಿಯುತ್ತಿತ್ತು. ಇದು ಯಾವ ಅಕ್ಷರ ಎಂದು ಊಹಿಸುತ್ತಿತ್ತು. ತನ್ನೊಳಗಿದ್ದ ದನಿಯ ತುಣುಕುಗಳನ್ನು ಹೊಲಿದು, ಮಾತು ಮಾಡಿ, ಹೊರಗೆ ಬಿಡುತ್ತಿತ್ತು. ಹೆಂಗಸರಿಗೆ ಆ ದನಿ ಇದ್ದ ಹಾಗೆಯೇ; ಗಂಡಸರಿಗೆ ಎರಡು ಮೆಟ್ಟಿಲು ಕೆಳಗಿಳಿಸಿ. ಸಂತೆಯಲ್ಲಿ ಪಟ್ಟಿ ಕಟ್ಟಿದ ಇಬ್ಬರು ಹೆಂಗಸರು ಜಗಳಕ್ಕೆ ಬಿದ್ದರೆ ಒಬ್ಬಳೇ ಹೆಂಗಸು ತನ್ನನ್ನು ತಾನೇ ಬೈದುಕೊಂಡಂತೆ ಕೇಳುತ್ತಿತ್ತು. ಜನ ಮೊದಮೊದಲು ನಕ್ಕರು, ಆಮೇಲೆ ರೂಢಿಯಾಯಿತು.

ಪಟ್ಟಿ ಮಾಡಿದ ಕಂಪನಿ ಮೂರು ವರ್ಷ ನಡೆದು ಮುಚ್ಚಿಹೋಯಿತು. ಪಟ್ಟಿಗಳು ಮಾತ್ರ ಸಾಯಲಿಲ್ಲ, ಏಕೆಂದರೆ ಅವುಗಳೊಳಗೆ ಓಡುತ್ತಿದ್ದದ್ದು ‘ಬಯಲು’. ಬಯಲು ಎಂದರೆ ಯಾರೊಬ್ಬರ ಆಸ್ತಿಯೂ ಅಲ್ಲದ ಆಪರೇಟಿಂಗ್ ಸಿಸ್ಟಮ್. ಯಾರು ಬೇಕಾದರೂ ಒಳಗೆ ಇಣುಕಬಹುದು, ತಿದ್ದಬಹುದು, ಹಂಚಬಹುದು. ಅದರಲ್ಲಿ ಮೂವತ್ತು ಸಾವಿರ ಪ್ಯಾಕೇಜುಗಳು. ಒಂದು ಗಡಿಯಾರ ನೋಡಿಕೊಳ್ಳುತ್ತದೆ, ಒಂದು ಬ್ಯಾಟರಿ ನೋಡಿಕೊಳ್ಳುತ್ತದೆ, ಒಂದು ಅಕ್ಷರ ಜೋಡಿಸುತ್ತದೆ. ಪ್ರತಿ ಪ್ಯಾಕೇಜಿನ ಹಿಂದೆ ಜಗತ್ತಿನ ಯಾವುದೋ ಮೂಲೆಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಾನೆ. ಎಲ್ಲಿ ಕೆಟ್ಟಿತು ಎಂದು ಯಾರಾದರೂ ಬರೆದರೆ ಓದುತ್ತಾನೆ, ಸರಿ ಮಾಡುತ್ತಾನೆ, ಹೊಸದನ್ನು ಏರಿಸುತ್ತಾನೆ. ಸಂಬಳವಿಲ್ಲ. ಸನ್ಮಾನವೂ ಇಲ್ಲ. ಕೆಟ್ಟಾಗ ಮಾತ್ರ ಅವನ ಹೆಸರು ಜನಕ್ಕೆ ನೆನಪಾಗುತ್ತದೆ.

‘ಕಂಠ-ಕನ್ನಡ’ ಎಂಬ ಪ್ಯಾಕೇಜಿನ ಹಿಂದೆ ಕೂತವನು ಫಕ್ಕೀರೇಶ.

ಇಪ್ಪತ್ತನಾಲ್ಕು ವರ್ಷ. ಹುಬ್ಬಳ್ಳಿಯ ಗೋಕುಲ ರೋಡಿನ ಒಂದು ಶೆಡ್ಡಿನಲ್ಲಿ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವನು. ಆರು ವರ್ಷದ ಹಿಂದೆ ಅವನ ಅವ್ವ ನೀಲವ್ವನ ಪಟ್ಟಿ ‘ಳ’ ಅಕ್ಷರವನ್ನು ನುಂಗತೊಡಗಿತ್ತು. ಅದರ ಜಾಡು ಹಿಡಿದು ಹೋದವನಿಗೆ ಕಂಠ-ಕನ್ನಡ ‘ಅನಾಥ’ ಎಂಬ ಯಾದಿಯಲ್ಲಿ ಬಿದ್ದಿರುವುದು ಕಂಡಿತು. ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋಗಿದ್ದರು. ತಂತಿಯ ಸುತ್ತು ಎಲ್ಲಿ ತಪ್ಪಿದೆ ಎಂದು ಹುಡುಕುವ ಕಣ್ಣಿಗೆ ಪ್ರೋಗ್ರಾಮಿನ ತಪ್ಪು ಹುಡುಕುವುದು ತೀರಾ ಬೇರೆ ಕೆಲಸವೆನಿಸಲಿಲ್ಲ. ‘ಳ’ ಸರಿ ಮಾಡಿದ. ಪ್ಯಾಕೇಜನ್ನು ತನ್ನ ಹೆಸರಿಗೆ ಬರೆದುಕೊಂಡ. ಅಂದು ಏರಿಸುವ ಮುಂಚೆ ಒಂದು ಅರ್ಜಿ ಎದುರು ನಿಂತಿತ್ತು: ‘ದನಿಯ ಮೂಲ ಮತ್ತು ಒಪ್ಪಿಗೆ ಪತ್ರ ಪರಿಶೀಲಿಸಿದ್ದೇನೆ.’ ಹೌದು ಅನ್ನದಿದ್ದರೆ ಮುಂದೆ ಬಿಡುತ್ತಿರಲಿಲ್ಲ. ಹೌದು ಅಂದ. ಯಾವ ಪತ್ರವನ್ನೂ ಅವನು ನೋಡಿರಲಿಲ್ಲ.

ಆ ‘ಹೌದು’ ಆರು ವರ್ಷದ ನಂತರ, ಒಂದು ಸೋಮವಾರ ಬೆಳಿಗ್ಗೆ, ಅವನು ಐದು ಎಚ್‌ಪಿ ಮೋಟಾರೊಂದನ್ನು ಬಿಚ್ಚಿಕೊಂಡು ಕೂತಿದ್ದಾಗ ತಿರುಗಿ ಬಂತು.

ಫೋನಿನಲ್ಲಿ ವಲೇರಿಯನ್ ಮಸ್ಕರೇನಸ್. ಕಾರ್ಕಳದ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತರಾದವರು. ಈಗ ಬಯಲಿನ ಹೊಸ ಆವೃತ್ತಿ ಹೊರಡಿಸುವ ತಂಡದ ಹಿರಿಯರು. ಫಕ್ಕೀರೇಶ ಅವರ ಮುಖ ನೋಡಿದವನಲ್ಲ.

“ಎಂತ ಮಾರಾಯ, ಒಪ್ಪಿಗೆ ಪತ್ರ ಎಲ್ಲಿ ಉಂಟು?”

“ಯಾವ ಪತ್ರ ಸರ?”

“ದನಿಯದ್ದು. ಈ ಸಲ ಹೊಸ ನಿಯಮ ಅಲ್ವಾ. ಊರೆಲ್ಲ ದನಿ ಕಳ್ಳತನ ಆಗ್ತಾ ಉಂಟು. ದನಿ ಇರುವ ಪ್ರತಿ ಪ್ಯಾಕೇಜಿಗೂ ಆ ದನಿಯ ಮನುಷ್ಯ ಕೊಟ್ಟ ಪತ್ರ ಬೇಕು. ಯಂತ್ರ ತಾನೇ ಹುಟ್ಟಿಸಿದ ದನಿಯೂ ಬೇಡ ಅಂತ ಆಗಿದೆ, ಅದೂ ಹತ್ತು ಮಂದಿಯದ್ದು ಕದ್ದು ಅರೆದು ಮಾಡುದೇ. ನೀನು ನೋಡಿದ್ದೇನೆ ಅಂತ ಬರ್ದಿದ್ದಿ. ಕಳಿಸು, ಮುಗೀತು.”

ಫಕ್ಕೀರೇಶ ಕೈಯಲ್ಲಿದ್ದ ತಂತಿಯ ಸುರುಳಿಯನ್ನು ನೆಲಕ್ಕಿಟ್ಟ.

“ನೋಡಿಲ್ಲ ಸರ. ಸುಳ್ಳ ಬರದಿದ್ದೆ.”

ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು.

“ಹದಿನಾಲ್ಕು ದಿನ ಉಂಟು,” ಎಂದರು ವಲೇರಿಯನ್. “ಆಮೇಲೆ ಅಂಗಳದ ಬಾಗಿಲು ಹಾಕ್ತೇವೆ. ಒಳಗೆ ಇದ್ದದ್ದು ಒಳಗೆ. ಇಲ್ಲದ್ದು ಇಲ್ಲ.”

ಬಯಲಿನಲ್ಲಿ ಎರಡು ಜಾಗಗಳು. ಅಂಗಳ, ಹಿತ್ತಲು. ಯಾವ ಕಟ್ಟುಪಾಡೂ ಇಲ್ಲದ, ಯಾರು ಯಾವುದಕ್ಕೆ ಬೇಕಾದರೂ ಬಳಸಬಹುದಾದ ಪ್ಯಾಕೇಜುಗಳು ಅಂಗಳದಲ್ಲಿ. ಏನಾದರೊಂದು ಷರತ್ತು ಅಂಟಿಕೊಂಡವು ಹಿತ್ತಲಿನಲ್ಲಿ. ಗಂಟಲಪಟ್ಟಿ ಅಂಗಳದಿಂದ ಮಾತ್ರ ಎತ್ತಿಕೊಳ್ಳುತ್ತಿತ್ತು. ಕಂಪನಿ ಮುಚ್ಚುವ ಮುಂಚೆ ಹಾಗೆಂದು ಅದರ ಚಿಪ್‌ನಲ್ಲೇ ಕೊರೆದು ಹೋಗಿತ್ತು, ಬದಲಿಸಲು ಬರುತ್ತಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಹಾಕದಿದ್ದರೆ ಪಟ್ಟಿ ಏಳುತ್ತಲೇ ಇರಲಿಲ್ಲ. ಹೊಸ ಆವೃತ್ತಿಯಲ್ಲಿ ದನಿ ಇಲ್ಲದಿದ್ದರೆ ಪಟ್ಟಿಗೆ ಉಳಿಯುವುದು ಒಂದು ಬೀಪು. ಒಂದು ಬೀಪಿಗೆ ಹೌದು, ಎರಡಕ್ಕೆ ಇಲ್ಲ. ನಾಲ್ಕು ಸಾವಿರದ ಇನ್ನೂರು ಜನರ ಮಾತು ಅಷ್ಟಕ್ಕೆ ಇಳಿಯುತ್ತಿತ್ತು.

*

ಮಧ್ಯಾಹ್ನ ಉಣ್ಣಲು ಮನೆಗೆ ಬಂದಾಗ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಎರಡು ಖಾನಾವಳಿಗಳಿಗೆ ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಕೊಡುವವಳು. ಅಂಗೈ ತಾಳಕ್ಕೆ ಸರಿಯಾಗಿ ಮಾತಾಡುತ್ತಿದ್ದಳು, ಇಪ್ಪತ್ತೆರಡು ವರ್ಷದ ಹುಡುಗಿಯ ಸ್ವಚ್ಛ ದನಿಯಲ್ಲಿ.

“ಯವ್ವಾ, ಪಟ್ಟಿ ಬಂದ್ ಆಗ್ತೈತಿ.”

“ಈಗ ಚಾರ್ಜಿಗೆ ಹಾಕಿ ತಗದೀನಲ್ಲೋ.”

“ಹಂಗಲ್ಲ. ಆ ದನಿ ಯಾರದ ಐತಲ್ಲ, ಅಕಿ ಬರದು ಕೊಡಬೇಕಂತ. ಕೊಡದಿದ್ರ ತಗದ ಒಗೀತಾರ.”

ನೀಲವ್ವನ ಕೈ ನಿಂತಿತು. “ಅಂದ್ರ ಇದು ಯಾರದರ ಐತೇನು? ನಾ ಮಿಷನ್ನಿಂದು ಅನ್ಕೊಂಡಿದ್ನೆಪಾ.”

“ಮನಷ್ಯಾರದ್ದ ಯವ್ವಾ.”

“ಇಷ್ಟ ವರ್ಷ ಅಕಿನ್ನ ಕೇಳೇ ಇಲ್ಲೇನ್ ನೀವ್ಯಾರೂ?”

ಅವನು ತಾಟು ಎಳೆದುಕೊಂಡ. ಆರು ವರ್ಷ ಪುಕ್ಕಟೆ ದುಡಿದವನಿಗೆ ಈ ಪ್ರಶ್ನೆ ಮೈಯೆಲ್ಲ ಉರಿಸಿತು. ಉರಿಗೆ ಕಾರಣ, ಪ್ರಶ್ನೆ ಸರಿಯಾಗಿತ್ತು.

ದನಿಯ ತುಣುಕುಗಳು ಬಂದದ್ದು ಹತ್ತೊಂಬತ್ತು ವರ್ಷದ ಹಿಂದಿನ ಒಂದು ಸಂಶೋಧನೆಯ ಕಡತದಿಂದ. ಅದರಲ್ಲಿ ಒಂದೇ ಸಾಲು: ‘ವಕ್ತೃ ೧೭, ಹೆಣ್ಣು, ೨೨, ಗುಳೇದಗುಡ್ಡ.’ ಆ ಸಂಶೋಧನೆ ಮಾಡಿಸಿದವರಲ್ಲಿ ಬದುಕಿದ್ದ ಒಬ್ಬರಿಗೆ ನಾಲ್ಕು ದಿನ ಫೋನು ಹಚ್ಚಿ, ಬೈಸಿಕೊಂಡು, ಕೊನೆಗೆ ಹೆಸರು ಹೊರಡಿಸಿದ: ಶಕುಂತಲಾ ಬರಗುಂಡಿ. ಓದಿಸಿದ್ದು ಏಳು ದಿನ. ಕೊಟ್ಟದ್ದು ಮಧ್ಯಾಹ್ನದ ಊಟ ಮತ್ತು ಬಸ್ ಪಾಸು. ಪತ್ರ ಬರೆಸಿಕೊಂಡಿರಲಿಲ್ಲ. ‘ಯಾರಿಗೆ ಗೊತ್ತಿತ್ತಪ್ಪಾ ಇದೆಲ್ಲ ಹಿಂಗಾಗ್ತದಂತ’ ಎಂದರು ಅವರು.

“ನಾನೂ ಬರ್ತೀನಿ,” ಎಂದಳು ನೀಲವ್ವ. “ನೀ ಒಬ್ಬಾಂವ ಹೋದ್ರ ಜಗಳಾ ತಗದ ಬರ್ತಿ.”

*

ರವಿವಾರ ಬೆಳಿಗ್ಗೆಯ ಬಸ್ಸು ಹತ್ತಿ ಗುಳೇದಗುಡ್ಡಕ್ಕೆ ಬಂದಾಗ ಹನ್ನೊಂದು ದಾಟಿತ್ತು. ಓಣಿಯ ಎರಡೂ ಬದಿ ರವಿಕೆಯ ಖಣ ನೇಯುವ ಮಗ್ಗಗಳ ಸದ್ದು. ತೋರಿಸಿದ ಮನೆಯ ಪಡಸಾಲೆಯಲ್ಲಿ ಒಬ್ಬ ಹೆಂಗಸು ಬೆನ್ನು ಹಾಕಿ ಕೂತು ಜಂಪರು ಹೊಲಿಯುತ್ತಿದ್ದಳು.

“ಶಕುಂತಲಾಬಾಯಾರ ಮನಿ ಇದ ಏನ್ರಿ?” ಎಂದಳು ನೀಲವ್ವ ಬಾಗಿಲಿನಿಂದ.

ಹೊಲಿಗೆ ಯಂತ್ರ ನಿಂತಿತು. ಹೆಂಗಸು ತಿರುಗಲಿಲ್ಲ. ತನ್ನ ಮನೆಯ ಬಾಗಿಲಲ್ಲಿ ನಿಂತು ತಾನೇ, ಹತ್ತೊಂಬತ್ತು ವರ್ಷ ಚಿಕ್ಕವಳಾಗಿ, ತನ್ನ ಹೆಸರು ಹಿಡಿದು ಕೇಳಿದರೆ ಯಾರಾದರೂ ಏನು ಮಾಡಬೇಕು? ಬಹಳ ಹೊತ್ತಿನ ಮೇಲೆ ಕುರ್ಚಿಯಲ್ಲೇ ಹೊರಳಿ ನೋಡಿದಳು. ನೀಲವ್ವನ ಕುತ್ತಿಗೆ ನೋಡಿದಳು.

“ಇನ್ನೊಮ್ಮೆ ಮಾತಾಡ್ರಿ.” ಅವಳ ದನಿ ಈಗ ಒಡೆದು ದಪ್ಪವಾಗಿತ್ತು, ಮೆಲ್ಲಗಿತ್ತು.

“ಏನ್ ಮಾತಾಡ್ಲೆವ್ವಾ? ಒಂದೀಟ ನೀರ ಕೊಡು. ಬಸ್ಸಿನ್ಯಾಗ ಬಾಯಿ ಒಣಗೇತಿ.”

ನೀರು ಬಂತು. ಚಹಾ ಬಂತು. ಫಕ್ಕೀರೇಶ ತಾನು ಯಾರು, ಯಾಕೆ ಬಂದದ್ದು ಎಂದು ಹೇಳಿದ. ಶಕುಂತಲಾ ಎಲ್ಲವನ್ನೂ ಕೇಳಿಸಿಕೊಂಡು, ಎದ್ದುಹೋಗಿ ತನ್ನ ಫೋನು ತಂದಳು. ಒಂದು ಕರೆಯನ್ನು ಹಿಡಿದಿಟ್ಟುಕೊಂಡಿದ್ದಳು. ಹಚ್ಚಿದಳು. ಅದರಲ್ಲೂ ಅದೇ ಹುಡುಗಿಯ ದನಿ.

‘ನಮಸ್ಕಾರ ಅಣ್ಣಾವರ. ದಣಿವಾಗೇತೇನು? ಹೆಂಡ್ತಿ ಸಿಟ್ಟಾಗ್ಯಾಳೇನು? ನಮ್ಮ ಗುಳಿಗೆ ಒಂದು ತಗೊಳ್ಳಿ, ಕುದುರೆಯಂಗ...’

ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಎರಡು ವರ್ಷ ಆತು,” ಎಂದಳು ಶಕುಂತಲಾ. “ಈ ಜಿಲ್ಲಾದಾಗ ಫೋನ್ ಇದ್ದ ಗಂಡಸರಿಗೆಲ್ಲ ಹೋಗೇತಿ. ಮೊದಲ ನನ್ನ ದನಿ ಓಣ್ಯಾಗ ಎಲ್ಲಾರಿಗೂ ಗೊತ್ತಿತ್ತು, ನಾ ಮಂಗಳಾರತಿ ಹೇಳಾಕಿ. ನನ್ನ ಮಗಳ್ನ ನೋಡಾಕ ಬಂದೋರು, ಮೂರು ಜನ ಗಂಡಸರು, ಒಳಗ ಕುಂತು ನಾ ಉಪ್ಪಿಟ್ಟು ತಗೊಳ್ರಿ ಅಂದಕೂಡ್ಲೇ ಒಬ್ರ ಮುಖಾ ಒಬ್ರು ನೋಡಿ ನಕ್ರು. ‘ನಿಮ್ಮವ್ವ ಬರೇ ಜಂಪರ ಹೊಲಿತಾಳೋ, ಗುಳಿಗೀನೂ ಮಾರ್ತಾಳೋ’ ಅಂತ ಹುಡುಗೀನ್ನ ಕೇಳಿದ್ರು. ಸಂಬಂಧ ಆಗ್ಲಿಲ್ಲ. ಆವತ್ತಿಂದ ನಾ ಗಿರಾಕಿ ಮುಂದೂ ಮಾತಾಡಂಗಿಲ್ಲ. ಅಳತಿ ಚೀಟ್ಯಾಗ ಬರಕೊಡ್ರಿ ಅಂತೀನಿ. ಮಾತಾಡಿದ್ರೂ ಹಿಂಗ, ಸಣ್ಣಗ.”

ಫಕ್ಕೀರೇಶನಿಗೆ ಒಂದು ದೂರು ನೆನಪಾಯಿತು. ಎರಡು ವರ್ಷದ ಹಿಂದೆ ಗುರುತಿಲ್ಲದ ವಿಳಾಸವೊಂದರಿಂದ ಬಂದದ್ದು: ‘ಗುಳಿಗೆ ಎಂಬ ಶಬ್ದದಲ್ಲಿ ನಡುವಿನ ಅಕ್ಷರ ನುಂಗಿಹೋಗುತ್ತಿದೆ. ದಯವಿಟ್ಟು ಬೇಗ ಸರಿಪಡಿಸಿ.’ ಪಾಪ, ಯಾರೋ ರೋಗಿ ಔಷಧಿ ಅಂಗಡಿಯಲ್ಲಿ ಗುಳಿಗೆ ಕೇಳಲಾಗದೆ ಒದ್ದಾಡುತ್ತಿದ್ದಾನೆ ಎಂದುಕೊಂಡು ಮೂರು ದಿನ ರಜೆ ಹಾಕಿ ಸರಿ ಮಾಡಿದ್ದ. ಧನ್ಯವಾದ ಕೂಡ ಬಂದಿರಲಿಲ್ಲ.

“ಆ ಗುಳಿಗಿ ಅನ್ನೂದನ್ನ ಚಂದ ಮಾಡಿದಂವ ನಾನ ಅಕ್ಕಾರ,” ಎಂದ.

ನೀಲವ್ವ ಮಗನ ಕಡೆ ನೋಡಿದಳು. ಶಕುಂತಲಾ ಸೂಜಿಗೆ ದಾರ ಪೋಣಿಸುತ್ತ ಕೂತಳು. ಪೋಣಿಸಿದ್ದ ದಾರವನ್ನೇ ಎಳೆದು ಮತ್ತೆ ಪೋಣಿಸಿದಳು.

“ರೋಗಿಗಳು ಮಾತಾಡ್ಲಿ,” ಎಂದಳು ಕೊನೆಗೆ. “ಬೈದಾಡ್ಲಿ, ಸುಳ್ಳ ಹೇಳ್ಲಿ, ಅದು ಅವರ ಬಾಯಿ. ಆದ್ರ ಮಾರಾಕ ಬ್ಯಾಡ. ಮಾರಾವ್ರು ನನ್ನ ದನಿ ಮುಟ್ಟಬಾರದು. ಇಷ್ಟ ಬರಕೋ, ಸಹಿ ಮಾಡ್ತೀನಿ.”

ಫಕ್ಕೀರೇಶ ಹೊರಗೆ ಬಂದು ಫೋನು ಮಾಡಿದ. ವಲೇರಿಯನ್ ಪೂರ್ತಿ ಕೇಳಿದರು.

“ಅದು ಹಿತ್ತಲಿಗೆ ಹೋಗ್ತದೆ ಮಾರಾಯ.”

“ಯಾಕ? ಅಕಿ ರೋಗಿಗಳಿಗೆ ಕೊಡಾಕತ್ತಾಳಲ್ಲ!”

“ಇಂಥವರಿಗೆ ಬೇಡ ಅಂತ ಬರ್ದಾಯ್ತಲ್ಲ. ಇವತ್ತು ಗುಳಿಗೆಯವ ಬೇಡ. ನಾಳೆ ಇನ್ನೊಬ್ಬ ತನ್ನ ಗಡಿಯಾರದ ಪ್ಯಾಕೇಜು ಸರಕಾರಿ ಆಸ್ಪತ್ರೆ ಮುಟ್ಟಬಾರ್ದು ಅಂತಾನೆ. ಮತ್ತೊಬ್ಬ ಇಂಥಾ ಜಾತಿಯವರು ಮುಟ್ಟಬಾರ್ದು ಅಂತಾನೆ. ಒಂದು ಪಟ್ಟಿ ಏಳ್ಬೇಕಾದ್ರೆ ನಾನೂರು ಪ್ಯಾಕೇಜು ಬೇಕು. ನಾನೂರು ಜನರ ಬೇಡ-ಬೇಕು ಓದಿಕೊಂಡು ಯಾರು ನಡೆಸುದು?”

“ಅಂದ್ರ ನಿಮ್ಮ ರೂಲು ಗುಳಿಗಿ ಮಾರಾವ್ನ ಕಡೆ ಐತಿ. ನಮ್ಮವ್ವನ ಕಡೆ ಇಲ್ಲ.”

“ಇಬ್ಬರ ಕಡೆಯೂ ಉಂಟು,” ಎಂದರು ವಲೇರಿಯನ್. “ಅದೇ ಅದರ ಕಷ್ಟ.”

ಫಕ್ಕೀರೇಶ ಗೋಡೆಗೆ ಒಂದು ಗುದ್ದು ಗುದ್ದಿದ. ಗೋಡೆಗೆ ಏನೂ ಆಗಲಿಲ್ಲ. ಪತ್ರ ಬರೆಯಲೆಂದು ತಂದ ಕಾಗದ ತನ್ನ ಕೈಯಲ್ಲೇ ಇದೆ. ಷರತ್ತಿನ ಸಾಲು ಬಿಟ್ಟು ಉಳಿದದ್ದು ಬರೆದು, ಕೆಳಗೆ ಒಂದು ಸಹಿ ಗೀಚಿದರೆ ಕಾರ್ಕಳದಲ್ಲಿ ಕೂತ ಮುದುಕನಿಗೆ ಗೊತ್ತಾಗುವುದಿಲ್ಲ. ಒಮ್ಮೆ ‘ಹೌದು’ ಅಂದವನಿಗೆ ಎರಡನೆಯ ಸಲ ಅನ್ನುವುದೇನು ಮಹಾ? ಹೀಗೆ ಯೋಚಿಸುತ್ತ ಒಳಗೆ ಬಂದ. ಅವನ ಮುಖ ನೋಡಿದ ನೀಲವ್ವನಿಗೆ ಫೋನಿನಲ್ಲಿ ಏನಾಯಿತು ಎನ್ನುವುದೂ, ಮಗನ ತಲೆಯಲ್ಲಿ ಏನು ಓಡುತ್ತಿದೆ ಎನ್ನುವುದೂ ಒಟ್ಟಿಗೇ ತಿಳಿಯಿತು.

“ಬಿಡವ್ವಾ ಶಕುಂತಲಾ,” ಎಂದಳು ನೀಲವ್ವ. “ಒಂಬತ್ತು ವರ್ಷ ನಿನ್ನ ಸೀರಿ ನಾ ಉಟ್ಟಂಗಾತು. ಕೇಳಿ ಉಟ್ಟಿದ್ದಿಲ್ಲ. ಚಲೋ ಇತ್ತು, ಭಾಳ ಚಲೋ ಇತ್ತು. ನಿಂದ ನಿನಗಿರ್ಲಿ.”

ಕುತ್ತಿಗೆಯ ಹಿಂದೆ ಕೈ ಹಾಕಿ ಪಟ್ಟಿಯ ಗುಂಡಿ ಬಿಚ್ಚಿದಳು. ಮಡಚಿ ಚೀಲದೊಳಗಿಟ್ಟಳು. ಶಕುಂತಲಾ ಹೊಲಿಗೆ ಬಿಟ್ಟು ಎದ್ದಳು. ಒಳಗೆ ಹೋಗಿ ಒಂದು ಖಣದ ತುಂಡು ತಂದು ನೀಲವ್ವನ ಉಡಿಗೆ ಹಾಕಿದಳು.

ತಿರುಗಿ ಬರುವಾಗ ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. ನೀಲವ್ವ ಮಗನ ಕಡೆ ಕೈ ಮಾಡಿದಳು.

*

ಮರುದಿನ ಫಕ್ಕೀರೇಶ ಬಯಲಿನ ಎಲ್ಲರೂ ಓದುವ ಜಾಗದಲ್ಲಿ ನಾಲ್ಕು ಸಾಲು ಹಾಕಿದ. ‘ಕಂಠ-ಕನ್ನಡವನ್ನು ಅಂಗಳದಿಂದ ತೆಗೆಯಿರಿ. ಇದರ ದನಿಗೆ ಒಪ್ಪಿಗೆ ಎಂದೂ ಇರಲಿಲ್ಲ. ನೋಡಿದ್ದೇನೆಂದು ಬರೆದದ್ದು ಸುಳ್ಳು. ಬರೆದವನು ನಾನು.’ ಜಗತ್ತಿನ ನಾನಾ ಕಡೆಯಿಂದ ಬೈಗುಳ ಬಂದವು. ಓದಿದ. ಆರು ವರ್ಷದಲ್ಲಿ ಅಷ್ಟು ಜನ ಅವನಿಗೆ ಒಟ್ಟಿಗೆ ಬರೆದದ್ದು ಅದೇ ಮೊದಲು. ವಲೇರಿಯನ್ ಒಬ್ಬರು ಬೇರೆಯಾಗಿ ಬರೆದರು: ಒಪ್ಪಿಗೆ ಇರಲಿಲ್ಲ ಎನ್ನುವುದು ದಾಖಲೆಯಾದ ಮೇಲೆ ಗುಳಿಗೆಯವರು ಮುಕ್ತ ದನಿ ಎಂದು ಹೇಳಿಕೊಳ್ಳುವ ಹಾಗಿಲ್ಲ, ಆ ಹೆಂಗಸು ಕೋರ್ಟಿಗೆ ಹೋಗಬಹುದು, ಕಾಗದ ತಾನು ಕೊಡುತ್ತೇನೆ ಎಂದು.

ಬಾಗಿಲು ಹಾಕಲು ಏಳು ದಿನ ಉಳಿದಿತ್ತು. ಬೇಕಾದದ್ದು ಒಂದು ದನಿ, ಮೂರು ಸಾವಿರದ ಆರುನೂರು ವಾಕ್ಯ.

ತಾನು ದನಿ ಕೇಳಲು ಹೋದವರಿಗೆಲ್ಲ ಫಕ್ಕೀರೇಶ ಮೊದಲು ಗುಳಿಗೆಯ ಕತೆ ಹೇಳುತ್ತಿದ್ದ. ಯಾರು ಯಾವುದಕ್ಕೆ ಬೇಕಾದರೂ ಬಳಸಬಹುದು, ತಡೆಯಲು ಬರುವುದಿಲ್ಲ, ಆಮೇಲೆ ಹಿಂದಕ್ಕೆ ತಗೊಳ್ಳಲೂ ಬರುವುದಿಲ್ಲ ಎಂದು ಬಿಡಿಸಿ ಹೇಳುತ್ತಿದ್ದ. ಹಾಗೆ ಹೇಳಿದ ಮೇಲೆ ಯಾರು ಕೊಡುತ್ತಾರೆ? ಶೆಡ್ಡಿನ ಮಾಲೀಕ ಕೆಮ್ಮಿದ. ಮನೆಯ ಎದುರಿನ ಟೀಚರಮ್ಮ ಗಂಡನನ್ನು ಕೇಳಿ ಹೇಳುತ್ತೇನೆಂದು ಹೋದವರು ಬಾಗಿಲು ತೆರೆಯಲಿಲ್ಲ. ಭಜನೆಯ ಗುರುಪಾದಪ್ಪ ‘ನಂದು ದೇವರ ಸೇವಾಕ್ಕ ಇಟ್ಟ ದನಿ’ ಎಂದ. ಮೂರನೆಯ ದಿನಕ್ಕೆ ಫಕ್ಕೀರೇಶನ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಸಿಟ್ಟು ಎಂದು ಕೇಳಿದ್ದರೆ ಅವನಿಗೆ ಒಂದು ಹೆಸರು ಹೇಳಲು ಬರುತ್ತಿರಲಿಲ್ಲ.

ಹಳೇ ಹುಬ್ಬಳ್ಳಿಯಲ್ಲಿ ಅವನ ಗೆಳೆಯ ಮಾಬುಸಾಬ ನದಾಫನ ಗಾದಿ ಅಂಗಡಿ. ಹಿಂದಿನ ಗೋದಾಮಿನಲ್ಲಿ ಸೂರಿನವರೆಗೆ ಅರಳೆ. ಅಲ್ಲಿ ನಿಂತರೆ ರಸ್ತೆಯ ಹಾರನ್ನು ಕೂಡ ನೀರಿನೊಳಗಿಂದ ಬಂದಂತೆ ಕೇಳುತ್ತಿತ್ತು. ಫಕ್ಕೀರೇಶ ಮೈಕು ಹಿಡಿದುಕೊಂಡು ಅಲ್ಲಿಗೆ ಹೋದ.

“ಯಾರನ್ನ ಕರಕೊಂಡ ಬಂದೀಲೇ ಓದಾಕ?” ಎಂದು ಹಿಂದೆ ಮುಂದೆ ನೋಡಿದ ಮಾಬುಸಾಬ.

“ನಾನ ಓದ್ತೀನಿ.”

“ನೀನಾ? ಲೇ, ನೀ ಚಾ ಹೇಳಿದ್ರ ಹೊಟೆಲ್‌ನವ ಹೊಡದಾಟಕ್ಕ ಬರ್ತಾನ.”

“ಬಾಗಿಲಾ ಹಾಕ್ಕೊಂಡು ಹೊರಗ ಕುಂದರು.”

ಮೂರು ದಿನ ಓದಿದ. ಬೆಳಿಗ್ಗೆ ಎಂಟಕ್ಕೆ ಕೂತರೆ ಹೊತ್ತು ಮುಳುಗುವವರೆಗೆ. ‘ಬಾಗಿಲು ತೆಗೆ.’ ‘ಮಗು ಅಳುತ್ತಿದೆ.’ ‘ನನಗೆ ಎದೆ ನೋಯುತ್ತಿದೆ.’ ‘ನಾಳೆ ಬರುತ್ತೇನೆ ಎಂದು ಹೇಳು.’ ಪುಸ್ತಕದ ವಾಕ್ಯಗಳನ್ನು ಗಟ್ಟಿಯಾಗಿ ಓದುವುದೆಂದರೆ ಅವನಿಗೆ ಆಗದು. ಒಂಬತ್ತನೆಯ ತರಗತಿಯಲ್ಲಿ ಕನ್ನಡ ಮಾಸ್ತರರು ದಿನವೂ ಅವನನ್ನೇ ನಿಲ್ಲಿಸಿ ಓದಿಸಿ, ಅವನ ‘ಹಂಗ-ಹಿಂಗ’ ಕೇಳಿ ತರಗತಿಗೆ ತರಗತಿಯೇ ನಗುವಂತೆ ಮಾಡುತ್ತಿದ್ದರು. ಒಂದು ದಿನ ಪುಸ್ತಕವನ್ನು ಅವರ ಮೇಜಿನ ಮೇಲೆ ಒಗೆದು ಹೊರಬಿದ್ದವನು ಮತ್ತೆ ಹೋಗಿರಲಿಲ್ಲ. ಈಗ ಅರಳೆಯ ನಡುವೆ ಬೆವರುತ್ತ, ಹಲ್ಲು ಕಚ್ಚಿ, ಒಂದೊಂದೇ ವಾಕ್ಯವನ್ನು ಮೊಳೆ ಹೊಡೆದಂತೆ ಹೊಡೆದು ಮುಗಿಸಿದ. ಕೇಳಿ ನೋಡಲು ಹೊತ್ತಿರಲಿಲ್ಲ.

ಪತ್ರವನ್ನೂ ಬರೆದ. ‘ಈ ದನಿ ನನ್ನದು. ಯಾರು ಬೇಕಾದರೂ ಯಾವುದಕ್ಕೆ ಬೇಕಾದರೂ ಬಳಸಲಿ. ನಾನು ಕೇಳುವುದಿಲ್ಲ.’ ಬರೆದದ್ದನ್ನು ಇನ್ನೊಮ್ಮೆ ಓದಿದ. ನಾಳೆ ಯಾವ ಸುಳ್ಳು, ಯಾವ ಬೆದರಿಕೆ, ಯಾವ ಗುಳಿಗೆ ಈ ದನಿಯಲ್ಲಿ ಊರು ಸುತ್ತುತ್ತದೋ. ಸಹಿ ಮಾಡಿದ. ಬಾಗಿಲು ಹಾಕುವ ದಿನ ಮಧ್ಯಾಹ್ನ ಎರಡಕ್ಕೆ ಕಂಠ-ಕನ್ನಡ ೨.೦-೧ ಅಂಗಳಕ್ಕೆ ಬಂತು.

“ಬಂತು ಮಾರಾಯ,” ಎಂದರು ವಲೇರಿಯನ್. “ಒಳಗೆ ಉಂಟು.”

*

ಹೊಸ ಆವೃತ್ತಿ ಪಟ್ಟಿಗಳಿಗೆ ಇಳಿದ ದಿನ ನೀಲವ್ವ ಬೆಳಿಗ್ಗೆ ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಹನ್ನೆರಡು ದಿನದ ಮೇಲೆ ಪಟ್ಟಿ ಕಟ್ಟಿಕೊಂಡಳು. ಹೆಂಗಸರಿಗೆಂದು ದನಿಯನ್ನು ಎರಡು ಮೆಟ್ಟಿಲು ಮೇಲೇರಿಸಿದ್ದರೂ ಅದು ಯಾರದೆಂದು ಮುಚ್ಚುವ ಹಾಗಿರಲಿಲ್ಲ. ಒಲೆಯ ಮುಂದಿನಿಂದ ಮಗನನ್ನು ಕರೆದಳು.

“ಫಕ್ಕೀರಾ, ಚಾ ಕುಡಿ ಬಾ.”

ಬೈಗುಳವಾಗಿ ಬಂತು. ಲೋಟ ಒಗೆಯುವ ಮುಂಚಿನ ದನಿ. ನೀಲವ್ವ ಬೆಚ್ಚಿ ಬಾಗಿಲ ಕಡೆ ನೋಡಿದಳು, ಅಲ್ಲಿ ಯಾರೋ ಬಂದು ನಿಂತವರಂತೆ. ಆಮೇಲೆ ಪಟ್ಟಿ ಬಿಚ್ಚಿ ಗೂಡಿನಲ್ಲಿಟ್ಟು ರೊಟ್ಟಿಗೆ ಹಿಟ್ಟು ನಾದಲು ಕೂತಳು.

ಆ ನೋಟವನ್ನು ಫಕ್ಕೀರೇಶ ಮುಂಚೆ ಕಂಡಿದ್ದ. ಅಪ್ಪ ಬದುಕಿದ್ದಾಗ, ಅವನ ಚಪ್ಪಲಿಯ ಸದ್ದು ಕೇಳಿದಾಗಲೆಲ್ಲ ಅವ್ವ ಹಾಗೆ ನೋಡುತ್ತಿದ್ದಳು. ಅಪ್ಪ ಸತ್ತು ಹತ್ತು ವರ್ಷವಾಗಿತ್ತು. ಅವನ ದನಿ ಮನೆಯಲ್ಲೇ ಉಳಿದುಕೊಂಡಿದೆ ಎಂದು ಮಗನಿಗೆ ಯಾರೂ ಹೇಳಿರಲಿಲ್ಲ.

ಚಹಾ ಕುಡಿಯದೆಯೇ ಶೆಡ್ಡಿಗೆ ಹೋದ. ಅಲ್ಲಿ ದೂರುಗಳು ಕಾದಿದ್ದವು. ಸಿಂಧನೂರಿನಿಂದ: ‘ಊಟಕ್ಕೆ ಕರೆದರೆ ಮೊಮ್ಮಗು ಅಳುತ್ತದೆ, ಹತ್ತಿರ ಬರುತ್ತಿಲ್ಲ.’ ಅಥಣಿಯಿಂದ: ‘ನಮ್ಮ ಅಜ್ಜ ಪೂಜೆಗೆ ಕೂತರೆ ದೇವರನ್ನು ಗದರಿಸಿದಂತೆ ಕೇಳುತ್ತದೆ.’ ಲಿಂಗಸುಗೂರಿನಿಂದ: ‘ಸಾಹೇಬರ ಮುಂದೆ ರಜೆ ಕೇಳಿದೆ, ನೋಟೀಸು ಕೊಟ್ಟರು. ಆದರೆ ಸಂತೆಯಲ್ಲಿ ವ್ಯಾಪಾರಕ್ಕೆ ಬಹಳ ಚೆನ್ನಾಗಿದೆ.’ ಒಟ್ಟು ಎಂಬತ್ತಮೂರು. ಎಲ್ಲದರ ಸಾರ ಒಂದೇ. ನಾಲ್ಕು ಸಾವಿರದ ಇನ್ನೂರು ಜನ ಈಗ ಹಗಲೆಲ್ಲ ಸಿಟ್ಟಿನಲ್ಲಿದ್ದರು.

ಫಕ್ಕೀರೇಶ ಮೊದಲನೆಯದಕ್ಕೆ ಉತ್ತರ ಬರೆ‍ದ: ‘ಇದು ದೋಷವಲ್ಲ. ದನಿ ಇರುವುದೇ ಹೀಗೆ. ಮುಚ್ಚಲಾಗಿದೆ.’ ಎರಡನೆಯದಕ್ಕೂ ಅದನ್ನೇ ಬರೆದ. ಐದನೆಯದರ ಹೊತ್ತಿಗೆ ವಲೇರಿಯನ್ ಫೋನು ಬಂತು.

“ಮುಚ್ಬೇಡ ಮಾರಾಯ. ಅದು ದೋಷವೇ.”

“ನನ್ನ ದನೀನ ಹಂಗ ಐತಿ ಸರ. ಮನಷ್ಯಾನ್ನ ಎಲ್ಲಿಂದ ಬದಲಿಸ್ಲಿ?”

“ಮನುಷ್ಯನನ್ನು ಬದಲಿಸು ಅಂತ ಯಾರು ಹೇಳಿದ್ದು? ಆರುನೂರು ವಾಕ್ಯ ಬದಲಿಸು. ಸಣ್ಣ ತಿದ್ದುಪಡಿಗೆ ಬಾಗಿಲು ಯಾವಾಗಲೂ ತೆರೆದೇ ಉಂಟು.”

ಸಂಜೆ ಮನೆಗೆ ಬಂದು, ದೂರುಗಳನ್ನು ಒಂದೊಂದಾಗಿ ಅವ್ವನ ಮುಂದೆ ಓದಿದ. ತನ್ನನ್ನು ತಾನೇ ಬೈಸಿಕೊಳ್ಳುವವನಂತೆ ಓದಿದ. ಅಥಣಿಯ ಅಜ್ಜ ದೇವರನ್ನು ಗದರಿಸಿದ್ದು ಬಂದಾಗ ನೀಲವ್ವನ ಭುಜ ಅಲುಗಿತು. ಮೊದಲು ಅಳುತ್ತಿದ್ದಾಳೆಂದುಕೊಂಡ. ನಗುತ್ತಿದ್ದಳು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು. ನಕ್ಕು ಮುಗಿದ ಮೇಲೆ ಮಗನ ಗದ್ದ ಹಿಡಿದು, ಅವನ ಬಾಯಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ.

*

ಮರುದಿನ ಬೆಳಿಗ್ಗೆ ಅರಳೆಯ ಗೋದಾಮಿನಲ್ಲಿ ಮೈಕಿನ ಒಂದು ಬದಿ ಫಕ್ಕೀರೇಶ, ಇನ್ನೊಂದು ಬದಿ ನೀಲವ್ವ. ಅವಳ ಕೊರಳು ಬರಿದಾಗಿತ್ತು. ನಡುವೆ ವಾಕ್ಯಗಳ ಹಾಳೆ.

“ಉಣ್ಣು ಬಾ,” ಎಂದ ಫಕ್ಕೀರೇಶ.

ನೀಲವ್ವ ಅವನ ಮೊಣಕಾಲಿಗೆ ಒಂದು ಏಟು ಕೊಟ್ಟಳು.

“ಉಣ್ಣು ಬಾ.”

ಮತ್ತೊಂದು ಏಟು.

“ಯವ್ವಾ, ಇನ್ನ ಹೆಂಗ ಅನ್ಲಿ? ಅಕ್ಷರ ಸರಿ ಅದಾವಲ್ಲ!”

ಅವಳು ತಲೆ ಅಲ್ಲಾಡಿಸಿದಳು. ಬಲಗೈಯನ್ನು ಗಾಳಿಯಲ್ಲಿ ಚಾಚಿ, ಬೆರಳುಗಳನ್ನು ಮೆಲ್ಲಗೆ ತನ್ನ ಕಡೆ ಮಡಚಿದಳು. ತುಟಿ ಮಾತ್ರ ಆಡಿಸಿದಳು. ಆ ತುಟಿಯ ಮೇಲೆ ಅವನು ಎರಡು ಶಬ್ದಗಳನ್ನು ಕಂಡ. ಪಟ್ಟಿಗೂ ಮುಂಚೆ, ಹುಣ್ಣಿಗೂ ಮುಂಚೆ, ಅವಳದೇ ದನಿ ಇದ್ದ ಕಾಲದಲ್ಲಿ ಅವಳು ಹೀಗೆ ಕರೆಯುತ್ತಿದ್ದದ್ದು ಅವನಿಗೆ ಗೊತ್ತಿತ್ತು. ಆ ದನಿ ಹೇಗಿತ್ತು ಎನ್ನುವುದನ್ನು ನೆನಪಿಸಿಕೊಳ್ಳಲು ನೋಡಿದ, ಸಿಗಲಿಲ್ಲ. ಕೈ ಮಾತ್ರ ಹೀಗೆಯೇ ಇತ್ತು.

ಅವನೂ ಕೈ ಚಾಚಿದ. ಬೆರಳು ಮಡಚಿದ. ಮೈಕಿನ ಮುಂದೆ ಕೂತು ಹಾಗೆ ಮಾಡಲು ನಾಚಿಕೆಯಾಗಿ ಬಾಗಿಲ ಕಡೆ ನೋಡಿದ. ಮಾಬುಸಾಬ ಬಾಗಿಲ ಸಂದಿಯಿಂದ ಮುಖ ಹಿಂದಕ್ಕೆಳೆದುಕೊಂಡ.

“ಉಣ್ಣು ಬಾ.”

ಏಟು ಬಿತ್ತು, ಆದರೆ ಮೆಲ್ಲಗೆ.

ನಲವತ್ತನೆಯದೋ ಐವತ್ತನೆಯದೋ ಸಲಕ್ಕೆ ಏಟು ಬೀಳಲಿಲ್ಲ. ನೀಲವ್ವ ಹಾಳೆಯ ಮೇಲೆ ಬೆರಳಿಟ್ಟು ಮುಂದಿನ ಸಾಲು ತೋರಿಸಿದಳು. ಹಾಗೆ ಆರು ದಿನ ನಡೆಯಿತು. ಆರನೆಯ ದಿನ ಸಂಜೆ ಆರಕ್ಕೆ ಬಯಲಿನ ಅಂಗಳಕ್ಕೆ ಒಂದು ಸಣ್ಣ ತಿದ್ದುಪಡಿ ಏರಿತು. ಅದರ ಜೊತೆ, ಪದ್ಧತಿಯಂತೆ, ಏನು ಬದಲಾಯಿತು ಎನ್ನುವ ಟಿಪ್ಪಣಿ:

‘ಕಂಠ-ಕನ್ನಡ ೨.೦-೨. ಕರೆಯುವ, ಉಣಿಸುವ, ಮಲಗಿಸುವ, ಬೇಡಿಕೊಳ್ಳುವ ಮಾತುಗಳನ್ನು ಮತ್ತೆ ಓದಲಾಗಿದೆ. ಒಟ್ಟು ಆರುನೂರ ಹನ್ನೆರಡು. ಬೈಗುಳಗಳು ಇದ್ದ ಹಾಗೇ ಇವೆ. ಎಂಬತ್ತಮೂರು ದೂರುಗಳನ್ನು ಇದು ಮುಚ್ಚುತ್ತದೆ. ಮುಂಚೆ ಇವುಗಳಲ್ಲಿ ಕೆಲವನ್ನು ದೋಷವಲ್ಲ ಎಂದು ಬರೆದದ್ದು ತಪ್ಪು. ಪರೀಕ್ಷಿಸಿದವರು: ನೀಲವ್ವ, ಹುಬ್ಬಳ್ಳಿ. ಫಲಿತಾಂಶ: ಮಾತಾಡಿದಳು.’